ಆರದ ಬಂಡೆ

ಹಿರೇಬಂಡಿ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಅಮರಣ್ಣ ಗಬ್ಬೂರನ ಲಾಗ್ ಬುಕ್ಕನ್ನು ಹೊಗಳದವರೇ ಇರಲಿಲ್ಲ. ಮೂವತ್ತನಾಲ್ಕು ವರ್ಷ ಅವನು ಕಂಟ್ರೋಲ್ ರೂಮಿನಲ್ಲಿ ಕುಳಿತು ಬಾಯ್ಲರಿನ ಒತ್ತಡ, ಉಗಿಯ ಶಾಖ, ಟರ್ಬೈನಿನ ವೇಗ ಎಲ್ಲವನ್ನೂ ಮುತ್ತು ಪೋಣಿಸಿದ ಹಾಗೆ ಬರೆದ. ಎಲ್ಲೂ ಗೀಟು ಹೊಡೆದಿಲ್ಲ, ಎಲ್ಲೂ ತಿದ್ದಿಲ್ಲ. ಒಂದೇ ಒಂದು ತಿದ್ದುಪಡಿಯೂ ಇಲ್ಲದ ಲಾಗ್ ಬುಕ್ ಕಂಡರೆ ಸ್ವಲ್ಪ ಹೆದರಬೇಕು ಎಂಬ ಬುದ್ಧಿ ಅಲ್ಲಿ ಯಾರಿಗೂ ಹೊಳೆಯಲಿಲ್ಲ. ನಿವೃತ್ತಿಯ ದಿನ ಶಾಲು ಹೊದಿಸಿದ ಮುಖ್ಯ ಇಂಜಿನಿಯರರು, ಹೊಸಬರೆಲ್ಲ ಅಮರಣ್ಣನವರನ್ನು ನೋಡಿ ಕಲಿಯಬೇಕು ಎಂದು ಮೈಕಿನಲ್ಲಿ ಹೇಳಿದರು. ಆ ಹೊಸಬರಲ್ಲಿ ಅವನ ಮಗಳು ಶಿವಲೀಲಾಳೂ ಇದ್ದಳು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅವಳೇ.

ಅದಾಗಿ ಐದು ವರ್ಷ. ಈಗ 2056ರ ಮೇ ತಿಂಗಳು. ದೇಶ ಇನ್ನೂ ಕಲ್ಲಿದ್ದಲು ಸುಡುತ್ತಲೇ ಇತ್ತು. ಬಿಡುತ್ತೇವೆ, ಬಿಡುತ್ತೇವೆ ಎಂದು ಎಲ್ಲ ಸರ್ಕಾರಗಳೂ ಹೇಳಿದ್ದವು, ಯುಗಾದಿಗೊಮ್ಮೆ ಬೀಡಿ ಬಿಡುವ ಆಣೆ ಹಾಕುವ ಗಂಡಸಿನ ಹಾಗೆ. ಹಗಲಿಗೇನೂ ತೊಂದರೆಯಿರಲಿಲ್ಲ, ಸೂರ್ಯ ಬೇಕಾದಷ್ಟು ಕೊಡುತ್ತಿದ್ದ. ಸಂಜೆ ಆರು ಹೊಡೆದರೆ ಸಾಕು, ಇಡೀ ದೇಶ ಚಿಮಣಿಗಳ ಕಡೆ ಕೈ ಚಾಚುತ್ತಿತ್ತು. ಬ್ಯಾಟರಿಗಳು ಒಂದೆರಡು ತಾಸು ತಡೆಯುತ್ತಿದ್ದವು, ಮಳೆಗಾಲದಲ್ಲಿ ಅದೂ ಇಲ್ಲ. ಬಿಸಿಲು ನಲವತ್ತೊಂಬತ್ತು ಡಿಗ್ರಿ ಮುಟ್ಟಿದ್ದರಿಂದ ಮನೆ ಮನೆಯಲ್ಲೂ ಏಸಿ ಓಡಬೇಕು, ಏಸಿ ಓಡಲು ಕಲ್ಲಿದ್ದಲು ಉರಿಯಬೇಕು, ಕಲ್ಲಿದ್ದಲು ಉರಿದಷ್ಟೂ ಮುಂದಿನ ಬೇಸಿಗೆ ಇನ್ನಷ್ಟು ಸುಡಬೇಕು. ಇದಕ್ಕೆ ಕೊನೆ ಎಲ್ಲಿ ಎಂದು ಕೇಳುವುದನ್ನೇ ಜನ ಬಿಟ್ಟಿದ್ದರು.

ಸ್ಥಾವರದ ಕಾಲೋನಿಯ ಬದುಕು ಬೂದಿಯ ಸೈರನ್ನಿಗೆ ಹೊಂದಿಕೊಂಡಿತ್ತು. ಗಾಳಿ ಕಾಲೋನಿಯ ಕಡೆ ತಿರುಗಿದಾಗ ಸೈರನ್ ಕೂಗುತ್ತಿತ್ತು. ಹೆಂಗಸರು ಒಣಹಾಕಿದ ಬಟ್ಟೆ ಬಾಚಿಕೊಂಡು ಒಳಗೆ ಓಡುತ್ತಿದ್ದರು, ನಾದಿದ ಜೋಳದ ಹಿಟ್ಟಿನ ಮೇಲೆ ತಟ್ಟೆ ಮುಚ್ಚುತ್ತಿದ್ದರು, ಕಿಟಕಿಗಳು ದಡದಡ ಹಾಕಿಕೊಳ್ಳುತ್ತಿದ್ದವು. ಅರ್ಧ ತಾಸಿನ ನಂತರ ಮತ್ತೊಂದು ಸೈರನ್. ಆಗ ಪೊರಕೆಗಳು ಹೊರಬರುತ್ತಿದ್ದವು.

ಅಮರಣ್ಣನ ಹೆಂಡತಿ ನೀಲಮ್ಮ ನಾಲ್ಕು ವರ್ಷದಿಂದ ಹೊರಗೆ ಹೋಗುವುದನ್ನು ಬಿಟ್ಟಿದ್ದಳು. ಮಂಚದ ಪಕ್ಕ ಆಕ್ಸಿಜನ್ ಮಶೀನು, ಮೂಗಿಗೆ ನಳಿಕೆ. ಆ ಮಶೀನಿಗೆ ಕರೆಂಟು ಬೇಕು, ಕರೆಂಟಿಗೆ ಕಲ್ಲಿದ್ದಲು ಬೇಕು, ಕಲ್ಲಿದ್ದಲಿನ ಬೂದಿಯಿಂದಲೇ ಅವಳ ಎದೆ ಕೆಟ್ಟಿದ್ದು. "ಬಡಿಯೋನೂ ಅವನ, ಎಣ್ಣಿ ಹಚ್ಚೋನೂ ಅವನ" ಎಂದು ಚಿಮಣಿಯ ಕಡೆ ಕೈ ತೋರಿಸಿ ನಗುತ್ತಿದ್ದಳು. ನಕ್ಕರೆ ಕೆಮ್ಮು ಬರುತ್ತಿತ್ತು. ಆದರೂ ನಗುತ್ತಿದ್ದಳು.

ಅವತ್ತು ಮಂಗಳವಾರ. ಬೆಳಗಿನ ಶಿಫ್ಟು ಮುಗಿಸಿ ಬಂದ ಶಿವಲೀಲಾ ಕೈಕಾಲು ತೊಳೆದು ಅಪ್ಪನ ಎದುರು ಊಟಕ್ಕೆ ಕುಳಿತಳು. ಈಗ ಅವಳೇ ಶಿಫ್ಟ್ ಇಂಜಿನಿಯರ್. ಬಾಯ್ಲರಿನ ಬೂದಿಯನ್ನು ನೀರಲ್ಲಿ ಕಲಸಿ ಹರಿಸುವ ಹೊಸ ಬೂದಿಕೆರೆಯ ಜವಾಬ್ದಾರಿಯೂ ಅವಳದೇ.

"ಅಪ್ಪಾ, ನಿನ್ನ ಹಳೇ ಬಾವಿ ಮತ್ತ ಬಾಯಿ ತೆರೆದೈತಿ ನೋಡು" ಎಂದಳು.

"ಯಾವ ಬಾವಿ?"

"ಶಾಖದ ಬಾವಿ. ಹೊಸ ಬೂದಿಕೆರೆ ಅಗಿಯಾಕ ಹೋದಾಗ ಜೆಸಿಬಿ ಅದರ ಮುಚ್ಚಳ ಕಿತ್ತೈತಿ. ಒಳಗ ಗೇಜ್ ಬಿಟ್ಟು ನೋಡಿದ್ವಿ. ಮುನ್ನೂರಾ ಎಪ್ಪತ್ತೊಂದು ಡಿಗ್ರಿ ತೋರಿಸ್ತು!" ಅವಳು ನಕ್ಕು ಬದನೆಕಾಯಿ ಪಲ್ಯ ಹಾಕಿಕೊಂಡಳು. "ಗೇಜ್ ಕೆಟ್ಟೈತಿ, ಮತ್ತೇನು. ರೆಕಾರ್ಡ್ ರೂಮಿಗೆ ಹೋಗಿ ನಿನ್ನ ಲಾಗ್ ಬುಕ್ ತೆಗೆಸಿದೆ. ತೊಂಬತ್ತನೇ ದಿನಕ್ಕ ಮುನ್ನೂರಾ ಇಪ್ಪತ್ತೆರಡಕ್ಕ ಇಳಿದಿತ್ತು ಅಂತ ನೀನ ಬರದೀದಿ. ಇಪ್ಪತ್ತೆರಡು ವರ್ಷ ಆದ ಮ್ಯಾಲ ಅದು ಬರೇ ತಣ್ಣನ ಕಲ್ಲು. ಶುಕ್ರವಾರ ಬೂದಿನೀರು ಬಿಡೂದು ಅಂತ ನಿಗದಿ ಆಗೈತಿ. ಗೇಜ್ ದೋಷ ಅಂತ ಬರದು ಸಹಿ ಹಾಕಿಬಿಡ್ತೀನಿ."

ಅಮರಣ್ಣ ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ತಟ್ಟೆಗೆ ಹಾಕಿದ. ನೀರು ಕುಡಿದ.

ಆ ಬಾವಿಯ ಕಥೆ 2031ರದ್ದು.

ಒಂದು ಬಂಡೆ ಎಷ್ಟು ದಿನ ಬಿಸಿಯಾಗಿ ಇರಬಲ್ಲದು? ಈ ಒಂದು ಪ್ರಶ್ನೆ ಹೊತ್ತುಕೊಂಡು ಡಾಕ್ಟರ್ ಇಂದಿರಾ ಐತಾಳ ಎಂಬ ವಿಜ್ಞಾನಿ ಹಿರೇಬಂಡಿಗೆ ಬಂದರು. ಕುಂದಾಪುರದ ಕಡೆಯವರು, ತೆಳ್ಳಗಿನ ಹೆಂಗಸು, ಹೆಗಲಿಗೊಂದು ಬಟ್ಟೆಯ ಚೀಲ. ಕ್ಯಾಂಟೀನಿನಲ್ಲಿ ಎಲ್ಲ ಆಪರೇಟರುಗಳನ್ನೂ ಕೂರಿಸಿಕೊಂಡು ಚಹಾದ ಲೋಟ ಎತ್ತಿ ತೋರಿಸಿದರು. "ಈ ಲೋಟ ಐದು ನಿಮಿಷಕ್ಕೆ ಆರುತ್ತದೆ. ಬಚ್ಚಲಿನ ಹಂಡೆ ಬೆಳಿಗ್ಗೆ ಕಾಯಿಸಿದರೆ ಮಧ್ಯಾಹ್ನದವರೆಗೂ ಬೆಚ್ಚಗಿರುತ್ತದೆ. ದೊಡ್ಡದಾದಷ್ಟೂ ಆರುವುದು ನಿಧಾನ. ಹಾಗಾದರೆ ಊರಷ್ಟು ದೊಡ್ಡ ಹಂಡೆ ಇದ್ದರೆ?"

ಊರಷ್ಟು ದೊಡ್ಡ ಹಂಡೆ ಸ್ಥಾವರದ ಕಾಲಡಿಯಲ್ಲೇ ಇತ್ತು. ಕೃಷ್ಣಾ ನದಿಯ ದಂಡೆಯ ಬೆಣಚುಗಲ್ಲಿನ ಬಂಡೆ, ಬಿರುಕಿಲ್ಲದ್ದು, ಒಣಗಿದ್ದು. ಅದಕ್ಕೆ ಇನ್ನೂರು ಮೀಟರ್ ಆಳದ ಕೊಳವೆಗಳನ್ನು ಸಾಲಾಗಿ ಕೊರೆದರು, ಶಾಖ ಅಳೆಯಲು ನಡುವೆ ಒಂದು ಬಾವಿ ಕೊರೆದರು. ಮೇಲೆ ಕನ್ನಡಿಗಳ ಹೊಲ ಹಾಕಿದರು. ಕನ್ನಡಿಗಳು ಬಿಸಿಲನ್ನು ಒಟ್ಟುಮಾಡಿ ಗಾಳಿಯನ್ನು ಕಾಯಿಸಬೇಕು, ಆ ಗಾಳಿ ಕೊಳವೆಗಳಲ್ಲಿ ಇಳಿದು ಬಂಡೆಯನ್ನು ಕಾಯಿಸಬೇಕು. ಬೇಸಿಗೆಯೆಲ್ಲ ಹೀಗೆ ಶಾಖ ತುಂಬಿಟ್ಟರೆ ಸಂಜೆಯಾದ ಮೇಲೆ, ಮೋಡ ಕವಿದ ಮೇಲೆ, ಅದೇ ಶಾಖದಿಂದ ನೀರು ಉಗಿಯಾಗಬೇಕು. ಟರ್ಬೈನು ಹಳೆಯದೇ, ತಂತಿ ಹಳೆಯದೇ. ಕಲ್ಲಿದ್ದಲು ಮಾತ್ರ ಬೇಕಾಗಿಲ್ಲ. ದೇಶದ ಇನ್ನೂ ಹದಿಮೂರು ಸ್ಥಾವರಗಳು ಇದೇ ಕೆಲಸಕ್ಕೆ ನಕ್ಷೆ ಹಾಕಿಕೊಂಡು ಹಿರೇಬಂಡಿಯ ಫಲಿತಾಂಶಕ್ಕೆ ಕಾಯುತ್ತಿದ್ದವು.

ಮೂರು ವರ್ಷ ಬಂಡೆಯನ್ನು ಕಾಯಿಸಿದರು. 2034ರ ಮಾರ್ಚ್ ಕೊನೆಗೆ ಬಂಡೆಯ ನಡುವಿನ ಶಾಖ ನಾನೂರಾ ಹನ್ನೆರಡು ಡಿಗ್ರಿ ಮುಟ್ಟಿತು. ಅಲ್ಲಿಂದ ಪರೀಕ್ಷೆ. ತೊಂಬತ್ತು ದಿನ ಶಾಖ ತುಂಬುವಂತಿಲ್ಲ, ತೆಗೆಯುವಂತಿಲ್ಲ, ಸುಮ್ಮನೆ ನೋಡಬೇಕು. ಕೊನೆಗೆ ಮುನ್ನೂರಾ ಎಂಬತ್ತಕ್ಕಿಂತ ಮೇಲಿದ್ದರೆ ಗೆದ್ದಂತೆ. ಮೊದಲ ಕೆಲವು ದಿನ ಅಂಚಿನ ಶಾಖ ಒಳಗೆ ಹೊಂದಿಕೊಳ್ಳುವ ತನಕ ಸ್ವಲ್ಪ ಇಳಿಯುತ್ತದೆ, ಆಮೇಲೆ ಹೆಚ್ಚುಕಡಿಮೆ ನಿಂತೇ ಬಿಡುತ್ತದೆ ಎಂದು ಐತಾಳ ಮೇಡಂ ಲೆಕ್ಕ ಹಾಕಿಟ್ಟಿದ್ದರು. ಕಂಟ್ರೋಲ್ ರೂಮಿಗೆ ಎಳೆದಿದ್ದ ತಂತಿಗಳು ಪರೀಕ್ಷೆ ಶುರುವಾಗುವ ಮೊದಲೇ ಶಾಖಕ್ಕೆ ಸುಟ್ಟುಹೋದದ್ದರಿಂದ ಬಾವಿಯ ಬಾಯಲ್ಲೊಂದು ತಗಡಿನ ಶೆಡ್ಡು ಹಾಕಿ ಅದರೊಳಗೆ ಒಂದು ಗೇಜ್ ಕೂರಿಸಿದರು. ದಿನಾ ಮಧ್ಯಾಹ್ನ ಎರಡು ಗಂಟೆಗೆ ಒಬ್ಬ ಮನುಷ್ಯ ಅಲ್ಲಿಗೆ ಹೋಗಿ ನೋಡಿ ಬರೆಯಬೇಕು. ಆ ಮನುಷ್ಯ ಅಮರಣ್ಣ.

ಮೇಡಂ ಅವನನ್ನೇ ಆರಿಸಿದ್ದು ಅವನ ಲಾಗ್ ಬುಕ್ ನೋಡಿ.

ಈಗ ಕಂಟ್ರೋಲ್ ರೂಮಿನ ಒಂದು ಪದ್ಧತಿಯನ್ನು ಹೇಳಬೇಕು. ಹೊರಗಿನವರಿಗೆ ಇದು ತಿಳಿಯದು, ಒಳಗಿನವರು ಇದನ್ನು ತಪ್ಪು ಎಂದುಕೊಂಡಿರಲಿಲ್ಲ. ಅದಕ್ಕೆ ಅವರು ಶೀಟ್ ತುಂಬೋದು ಎನ್ನುತ್ತಿದ್ದರು. ಸರಸರ ಏರಿಳಿಯುವ ಗೇಜುಗಳನ್ನು ಕಣ್ಣಿಟ್ಟು ನೋಡಿ ಬರೆಯುತ್ತಿದ್ದರು. ಆದರೆ ಬೇರಿಂಗಿನ ಎಣ್ಣೆಯ ಶಾಖ, ಟ್ಯಾಂಕಿನ ಮಟ್ಟ, ಇಂಥ ನಿಧಾನದ ಗೇಜುಗಳನ್ನು ಶಿಫ್ಟಿನ ಮೊದಲಿಗೆ ಒಮ್ಮೆ ನೋಡಿ, ಎಂಟು ತಾಸಿನ ಅಂಕಿಗಳನ್ನೂ ಒಂದೇ ಸಲಕ್ಕೆ ಬರೆದುಬಿಡುತ್ತಿದ್ದರು. ಅದು ಹೇಗೆ ಹೋಗುತ್ತದೆ ಎಂದು ಗೊತ್ತಿದ್ದ ಮೇಲೆ ಮತ್ತೆ ಮತ್ತೆ ಎದ್ದು ಹೋಗಿ ನೋಡುವುದೇಕೆ? ಹಿರಿಯರು ಕಿರಿಯರಿಗೆ ಇದನ್ನು ಕಲಿಸುತ್ತಿದ್ದರು. ಚೆನ್ನಾಗಿ ತುಂಬುವವನೇ ಅನುಭವಸ್ಥ ಎಂದು ಹೆಸರು.

ಮೊದಲ ಹನ್ನೊಂದು ದಿನ ಅಮರಣ್ಣ ತಪ್ಪದೆ ಹೋದ. ಕಂಟ್ರೋಲ್ ರೂಮಿನಿಂದ ಶೆಡ್ಡಿಗೆ ಎರಡು ಕಿಲೋಮೀಟರ್, ಬೂದಿಯ ಏರಿಯ ಮೇಲೆ ನಡೆದು ಹೋಗಬೇಕು. ನೆರಳೆಂಬುದು ಹೆಸರಿಗಿಲ್ಲ. ನಾನೂರಾ ಹನ್ನೊಂದು, ನಾನೂರಾ ಹತ್ತು, ನಾನೂರಾ ಒಂಬತ್ತು, ದಿನಕ್ಕೊಂದು ಡಿಗ್ರಿ, ಗಡಿಯಾರದ ಹಾಗೆ ಇಳಿಯಿತು. ಹನ್ನೊಂದನೇ ದಿನ ನಾನೂರಾ ಒಂದು. ಹನ್ನೆರಡನೇ ದಿನ ಬಿಸಿಲು ನಲವತ್ತಾರು. ಇದು ಹೇಗೆ ಹೋಗುತ್ತದೆಂದು ಗೊತ್ತಾಯಿತಲ್ಲ ಎಂದು ಅಮರಣ್ಣ ನಾನೂರು ಎಂದು ಬರೆದು, ಸೈಕಲ್ ಹತ್ತಿ ಮನೆಗೆ ಹೋಗಿ ಉಂಡು ಮಲಗಿದ. ಮರುದಿನ ಮುನ್ನೂರಾ ತೊಂಬತ್ತೊಂಬತ್ತು. ಬಿಸಿಯಾದದ್ದು ಆರುತ್ತದೆ, ಇದರಲ್ಲಿ ನೋಡುವುದೇನಿದೆ? ಎಪ್ಪತ್ತೊಂಬತ್ತು ದಿನ ಅವನು ಆ ಶೆಡ್ಡಿನ ಬಾಗಿಲು ತೆರೆಯಲಿಲ್ಲ. ತೊಂಬತ್ತನೇ ದಿನ ಮುನ್ನೂರಾ ಇಪ್ಪತ್ತೆರಡು ಎಂದು ಚಂದವಾಗಿ ಬರೆದು ಅಡಿಗೆರೆ ಹಾಕಿದ.

ದಿಲ್ಲಿಯ ಸಭೆಗಳಲ್ಲಿ ಸಿಕ್ಕಿಕೊಂಡಿದ್ದ ಐತಾಳ ಮೇಡಂ ಎರಡು ದಿನ ತಡವಾಗಿ ಬಂದರು. ಅಷ್ಟರಲ್ಲಿ ಆ ಗೇಜನ್ನು ಇನ್ನೊಂದು ಬಾಯ್ಲರಿಗೆ ಬೇಕೆಂದು ಬಿಚ್ಚಿಕೊಂಡು ಹೋಗಿ ಬಾವಿಗೆ ಮುಚ್ಚಳ ಹಾಕಿಯಾಗಿತ್ತು. ಮೇಡಂ ಲಾಗ್ ಬುಕ್ಕಿನ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಇಳಿಯುತ್ತಾ ಹೋದರು. ಕೊನೆಗೆ ತಲೆಯೆತ್ತಿ ಒಂದೇ ಮಾತು ಕೇಳಿದರು.

"ಅಮರಣ್ಣ, ಇದು ದಿನಾ ನೀವೇ ನೋಡಿ ಬರೆದದ್ದಾ?"

"ಹೌದ್ರಿ ಮೇಡಂ."

ಆ ಎರಡು ಶಬ್ದ ಹೇಳುವಾಗ ಅವನಿಗೆ ಅಂಥ ಸಂಕಟವೇನೂ ಆಗಿರಲಿಲ್ಲ. ಸುಳ್ಳು ಹೇಳುತ್ತಿದ್ದೇನೆ ಎಂದೇ ಅನ್ನಿಸಿರಲಿಲ್ಲ. ಹೋಗಿ ನೋಡಿದ್ದರೂ ಅಷ್ಟೇ ಇರುತ್ತಿತ್ತು ಎಂಬ ನಂಬಿಕೆ. ಯೋಜನೆ ಸೋತಿತೆಂದು ಸಮಿತಿ ಬರೆಯಿತು. ಹದಿಮೂರು ನಕ್ಷೆಗಳು ಕಪಾಟು ಸೇರಿದವು. ಕನ್ನಡಿಗಳನ್ನು ಲಾರಿಗಳು ಹೊತ್ತೊಯ್ದವು. ಆ ಜಾಗದ ಪಕ್ಕದಲ್ಲೇ ಇನ್ನೆರಡು ಹೊಸ ಚಿಮಣಿಗಳು ಎದ್ದವು. ಐತಾಳ ಮೇಡಂ ಹೋಗುವಾಗ ಕ್ಯಾಂಟೀನಿನಲ್ಲಿ ಎಲ್ಲರಿಗೂ ಕೈ ಮುಗಿದು, "ನನ್ನ ಲೆಕ್ಕ ತಪ್ಪಾಯಿತು, ನಿಮಗೆಲ್ಲ ತೊಂದರೆ ಕೊಟ್ಟೆ" ಎಂದಿದ್ದರು.

ಮುನ್ನೂರಾ ಎಪ್ಪತ್ತೊಂದು. ಬುಧವಾರ ಬೆಳಗಾದರೂ ಆ ಅಂಕಿ ಅಮರಣ್ಣನ ತಲೆಯಿಂದ ಇಳಿಯಲಿಲ್ಲ. ಗೇಜ್ ನಿಜವಾಗಿಯೂ ಕೆಟ್ಟಿರಬಹುದಲ್ಲ! ಕೆಟ್ಟಿರಲಿ ಎಂದು ಮನಸ್ಸು ಬೇಡಿಕೊಂಡಿತು. ಖಾತ್ರಿ ಮಾಡಿಕೊಳ್ಳಲು ಒಂದು ದಾರಿ ಹೊಳೆಯಿತು. ತಾನು ಏನನ್ನೂ ಒಪ್ಪಿಕೊಳ್ಳದೆ ಆಗುವಂಥ ದಾರಿ ಎಂಬುದೇ ಅದರ ದೊಡ್ಡ ಗುಣವಾಗಿತ್ತು.

ನದಿಯ ಕಡೆ ಹೋಗಿ ಮೀನು ಹಿಡಿಯುವ ಮಾರೆಪ್ಪನನ್ನು ಕಂಡು, ಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡು ನಾಲ್ಕು ಕೇಳಿ ಇಸಕೊಂಡು ಬಂದ. ಅವನ್ನು ಮಗಳ ಮುಂದೆ ಇಟ್ಟ.

"ಗೇಜ್ ಸುಳ್ಳು ಹೇಳಬಹುದು ಲೀಲಾ, ಸೀಸ ಹೇಳಂಗಿಲ್ಲ. ಸೀಸ ಕರಗೂದು ಮುನ್ನೂರಾ ಇಪ್ಪತ್ತೇಳು ಡಿಗ್ರಿಗೆ. ಒಂದು ಸ್ಟೀಲ್ ಡಬ್ಬ್ಯಾಗ ಹಾಕಿ ಬಾವ್ಯಾಗ ಇಳಿಸು. ಹಂಗ ಮ್ಯಾಲ ಬಂದ್ರ ಗೇಜ್ ಕೆಟ್ಟೈತಿ ಅಂತ ನಿಶ್ಚಿಂತಿಂದ ಸಹಿ ಹಾಕು."

"ಏನ್ ತಲೀಪಾ ನಿಂದು!" ಎಂದು ಮಗಳು ಮೆಚ್ಚಿಕೊಂಡಳು. ಆ ಮೆಚ್ಚುಗೆ ಅವನಿಗೆ ಚುಚ್ಚಿತು.

ಬಾವಿಯ ಬಳಿ ಇಬ್ಬರೂ ಛತ್ರಿ ಹಿಡಿದು ನಿಂತರು. ಕೂಲಿಯವರು ಉಕ್ಕಿನ ಹಗ್ಗಕ್ಕೆ ಡಬ್ಬಿ ಕಟ್ಟಿ ಆಳಕ್ಕೆ ಬಿಟ್ಟರು. ಎರಡು ತಾಸು ಕಾದು ಮೇಲೆತ್ತಿದರು. ಡಬ್ಬಿ ಹೊರಬಂದಾಗ ಅದರ ಸುತ್ತ ಗಾಳಿ ಕುಣಿಯುತ್ತಿತ್ತು. ಶಿವಲೀಲಾ ಇಕ್ಕಳದಿಂದ ಮುಚ್ಚಳ ತೆಗೆದು ಬಗ್ಗಿಸಿದಳು. ಗುಂಡುಗಳಿರಲಿಲ್ಲ. ತಳದಲ್ಲಿ ಹಾಲಿನ ಕೆನೆಯ ಹಾಗೆ ಸೀಸ ಅಲುಗಾಡುತ್ತಿತ್ತು, ಅವಳು ನೋಡುತ್ತಿದ್ದ ಹಾಗೆಯೇ ಗಟ್ಟಿಯಾಯಿತು.

ಅಮರಣ್ಣ ಅಲ್ಲೇ ಬೂದಿಯ ಮೇಲೆ ಕುಕ್ಕರಿಸಿದ. ಇಪ್ಪತ್ತೆರಡು ವರ್ಷದ ಹಿಂದೆ ತಾನು ಬರೆದದ್ದು ಮುನ್ನೂರಾ ಇಪ್ಪತ್ತೆರಡು. ಇವತ್ತಿಗೂ ಬಂಡೆ ಅದಕ್ಕಿಂತ ಬಿಸಿಯಾಗಿದೆ. ಅಂದಮೇಲೆ ಅವತ್ತು ಅದು ಹೇಗಿದ್ದಿರಬೇಕು! ಯಾರೂ ಬಂದು ಕೇಳಲಿಲ್ಲ, ಅದರ ಶಾಖವನ್ನು ಯಾರೂ ಮುಟ್ಟಲಿಲ್ಲ, ಆದರೂ ಅದು ಮೂರು ವರ್ಷದ ಬಿಸಿಲನ್ನು ಹೊಟ್ಟೆಯಲ್ಲಿಟ್ಟುಕೊಂಡು ಕುಳಿತೇ ಇತ್ತು. ಅದರ ನೆತ್ತಿಯ ಮೇಲೆ ರೈಲುಗಟ್ಟಲೆ ಕಲ್ಲಿದ್ದಲು ಬಂದು ಉರಿದು ಬೂದಿಯಾಗಿತ್ತು.

"ಬಿಸಿಲು ಹತ್ತೈತೇನಪಾ?" ಶಿವಲೀಲಾ ಅವನ ತೋಳು ಹಿಡಿದು ಎಬ್ಬಿಸಿದಳು. ಈಗ ಅವಳಿಗೇ ಗೊತ್ತಾಗುತ್ತದೆ, ತಾನು ಬಾಯಿ ಬಿಡಬೇಕಾಗಿಲ್ಲ ಎಂದು ಅಮರಣ್ಣ ಒಳಗೊಳಗೇ ಕಾದ.

ಕಂಟ್ರೋಲ್ ರೂಮಿಗೆ ಬಂದು ಅವಳು ಹಳೆಯ ಲಾಗ್ ಬುಕ್ಕನ್ನೂ ನಕ್ಷೆಯನ್ನೂ ಹರವಿಕೊಂಡು ಕುಳಿತಳು. ಹತ್ತು ನಿಮಿಷ ಯೋಚಿಸಿ ಟೇಬಲ್ಲಿನ ಮೇಲೆ ಕೈ ಬಡಿದಳು.

"ಗೊತ್ತಾಯ್ತು! ಗೇಜ್ ಸರಿ ಐತಿ. ಆದ್ರ ಇದು ಹಳೇ ಶಾಖ ಅಲ್ಲ. ಹಳೇ ಶಾಖ ಆರಿಹೋಗಿದ್ದು ನಿನ್ನ ಲಾಗ್ ಬುಕ್ಕಿನ್ಯಾಗ ಐತಲ್ಲ. ಇದು ಹೊಸಾದು. ಬಾವಿ ಪಕ್ಕಕ್ಕ ಕೆಟ್ಟ ಕಲ್ಲಿದ್ದಲು ಸುರುವಿದ ರಾಶಿ ಐತಿ ನೋಡು, ಅದು ಒಳಗೊಳಗ ಹೊತ್ತಿಕೊಂಡೈತಿ. ಆ ಬೆಂಕಿ ಬಂಡಿಗಲ್ಲು ಕಾಯಿಸೈತಿ."

"ಅದು..." ಎಂದ ಅಮರಣ್ಣ.

"ನೆಲದಾಗ ಬೆಂಕಿ ಅಂದ್ರ ಕಾಲೋನಿಗೆ ಅಪಾಯ. ಶುಕ್ರವಾರದ ತನಕ ಕಾಯೂದು ಬ್ಯಾಡ. ನಾಳೆ ಬೆಳಿಗ್ಗೆ ಹತ್ತಕ್ಕ ಬೂದಿನೀರು ಬಿಟ್ಟು ಆ ಬಾವಿ ಕೊಳವಿ ಎಲ್ಲಾ ತುಂಬಿಸಿ ತಣ್ಣಗ ಮಾಡಿಬಿಡ್ತೀನಿ" ಎಂದು ಅವಳು ಫೋನ್ ಎತ್ತಿದಳು. ಗೋಡೆಯ ಪರದೆಯ ತುಂಬ ದೇಶದ ವಿದ್ಯುತ್ತಿನ ಬೇಡಿಕೆ ಕೆಂಪು ಗೆರೆಯಾಗಿ ಏರುತ್ತಿತ್ತು. ಸಂಜೆ ಹತ್ತಿರವಾಗಿತ್ತು. ಎಂಟೂ ಬಾಯ್ಲರುಗಳಿಗೆ ಕಲ್ಲಿದ್ದಲು ಹೆಚ್ಚಿಸಲು ಹೇಳಿ ಆಮೇಲೆ ಅವಳು ಬೂದಿಕೆರೆಯವರಿಗೆ ಆಜ್ಞೆ ಕೊಟ್ಟಳು.

ಕಾದ ಬಂಡೆಗೆ ಬೂದಿನೀರು ನುಗ್ಗಿದರೆ ಅದು ಸಿಡಿದು ಸಾವಿರ ಬಿರುಕು ಬಿಡುತ್ತದೆ. ಶಾಖವೆಲ್ಲ ಹಬೆಯಾಗಿ ಒಂದೇ ದಿನಕ್ಕೆ ಹೋಗುತ್ತದೆ. ಐತಾಳ ಮೇಡಂ ಅವರ ಲೆಕ್ಕ ಸರಿಯಿತ್ತು ಎನ್ನಲು ಈ ಭೂಮಿಯ ಮೇಲೆ ಇದ್ದ ಒಂದೇ ಸಾಕ್ಷಿ ಅದು. ಇಷ್ಟು ಗೊತ್ತಿದ್ದೂ ಅಮರಣ್ಣ ಅಲ್ಲಿಂದ ಸುಮ್ಮನೆ ಎದ್ದು ಬಂದ. ಮಗಳು ತಪ್ಪಿದ್ದು ದಡ್ಡತನದಿಂದಲ್ಲ, ತನ್ನ ಮೇಲಿನ ನಂಬಿಕೆಯಿಂದ ಎಂಬುದು ಅವನಿಗೆ ಬಾಯಿ ಬಿಡಗೊಡಲಿಲ್ಲ.

ಗುರುವಾರ ಬೆಳಿಗ್ಗೆ ನೀಲಮ್ಮನಿಗೆ ಗಂಜಿ ಕುಡಿಸುತ್ತ ಕುಳಿತ. ಸೈರನ್ ಕೂಗಿತು. ಎದ್ದು ಕಿಟಕಿ ಹಾಕಿ ಬಂದ.

"ಲೀಲಾ ಹೇಳಿದ್ಲು, ಆ ಬಾವಿ ಮತ್ತ ಸಿಕ್ಕೈತಂತ" ಎಂದಳು ನೀಲಮ್ಮ. ನಳಿಕೆ ಸರಿಮಾಡಿಕೊಂಡು ಮೆಲ್ಲಗೆ ನಕ್ಕಳು. "ಆ ಬ್ಯಾಸಗಿ ನನಗ ಭಾಳ ನೆನಪೈತ್ರಿ. ಮದುವ್ಯಾಗಿ ಅಷ್ಟು ವರ್ಷದಾಗ ನೀವು ಮಧ್ಯಾಹ್ನ ಮನಿಗೆ ಬಂದು ಉಂಡಿದ್ದು ಅದೊಂದ ಬ್ಯಾಸಗಿ. ದಿನಾ ಎರಡಕ್ಕ ಸೈಕಲ್ ಗಂಟಿ ಕೇಳೂದು. ನಾ ಬಿಸಿ ರೊಟ್ಟಿ ಬಡೀತಿದ್ದೆ. ಉಂಡು ಇಲ್ಲೇ ಒರಗತಿದ್ರಿ."

ಅಮರಣ್ಣ ಚಮಚವನ್ನು ಬಟ್ಟಲಲ್ಲಿ ಇಟ್ಟ.

"ಬಾವಿ ನೋಡೂ ಕೆಲಸ ಎರಡಕ್ಕ ಅಂತ ಹೇಳಿದ್ರಲ್ಲ, ಹೋಗಲಿಲ್ಲೇನು ಅಂತ ಒಂದೆರಡು ಸಲ ಕೇಳಬೇಕಂದೆ. ಕೇಳಿದ್ರ ನೀವು ಮತ್ತ ಬಿಸಿಲಾಗ ಹೋಗಿಬಿಡ್ತೀರಿ ಅಂತ ಸುಮ್ನಾದೆ." ಇಷ್ಟು ಹೇಳುವಷ್ಟರಲ್ಲಿ ಅವಳಿಗೆ ಉಸಿರು ಸಾಲದಾಯಿತು. ಕೆಮ್ಮು ಹತ್ತಿತು. ಬೆನ್ನು ನೀವುತ್ತ ಅಮರಣ್ಣ ಅವಳ ಬೆನ್ನೆಲುಬುಗಳನ್ನು ಕೈಯಲ್ಲೇ ಎಣಿಸಬಹುದಾಗಿತ್ತು. ಆ ಬೇಸಿಗೆ ಅವನು ಶೆಡ್ಡಿಗೆ ನಡೆದಿದ್ದರೆ ಈ ಎದೆ ಹೀಗೆ ಆಗುತ್ತಿರಲಿಲ್ಲವೇನೋ. ಆಗುತ್ತಿತ್ತೇನೋ. ಅದನ್ನು ಈಗ ಯಾರೂ ಹೇಳಲಾರರು. ಅವಳಿಗೆ ಆ ಮಧ್ಯಾಹ್ನಗಳು ಸುಖದ ನೆನಪಾಗಿ ಉಳಿದಿವೆ ಎಂಬುದೇ ಅವನಿಗೆ ತಡೆಯಲಾಗಲಿಲ್ಲ.

"ನಾ ಈಗ ಬಂದೆ" ಎಂದು ಚಪ್ಪಲಿ ಮೆಟ್ಟಿದ.

ಸೈರನ್ ಇನ್ನೂ ನಿಂತಿರಲಿಲ್ಲ. ಮೂಗಿಗೆ ಟವೆಲ್ ಕಟ್ಟಿಕೊಂಡು ಅರವತ್ತೈದು ವರ್ಷದ ಮನುಷ್ಯ ಓಡುನಡಿಗೆಯಲ್ಲಿ ಹೋದ. ಕಂಟ್ರೋಲ್ ರೂಮು ಮುಟ್ಟಿದಾಗ ಒಂಬತ್ತೂ ಮುಕ್ಕಾಲು. ಶಿವಲೀಲಾ ಬೂದಿನೀರಿನ ಪಂಪಿನವರೊಡನೆ ಫೋನಿನಲ್ಲಿದ್ದಳು. ಉಳಿದ ನಾಲ್ಕು ಜನ ಆಪರೇಟರುಗಳು ಎದ್ದು, "ಬರ್ರಿ ಸರ್" ಎಂದು ಕುರ್ಚಿ ಕೊಟ್ಟರು. ಅವನು ಕೂರಲಿಲ್ಲ.

"ಪಂಪ್ ಹಚ್ಚಬ್ಯಾಡವ್ವಾ."

"ಯಾಕಪಾ? ಅವ್ವಗ ಏನರ ಆತೇನು?"

"ಅದು ಹೊಸ ಬೆಂಕಿ ಅಲ್ಲ. ಹಳೇ ಶಾಖನ. ಬಂಡಿಗಲ್ಲು ಆರೇ ಇಲ್ಲ."

"ಆರೈತಲ್ಲ, ನೀನ ಬರದಿ..."

"ನಾ ನೋಡಿಲ್ಲ." ಅವನ ದನಿ ಅವನಿಗೇ ಪರಕೀಯವಾಗಿ ಕೇಳಿಸಿತು. "ಹನ್ನೊಂದು ದಿನ ನೋಡಿದೆ. ಉಳಿದ ಎಪ್ಪತ್ತೊಂಬತ್ತು ದಿನ ಶೀಟ್ ತುಂಬಿದೆ. ದಿನಕ್ಕೊಂದು ಡಿಗ್ರಿ ಕಳದು ಬರದೆ. ಮನ್ಯಾಗ ಮಲಗಿದ್ದೆ ಲೀಲಾ. ಮೇಡಂ ಕೇಳಿದಾಗ ಹೌದು, ನಾನ ನೋಡೀನಿ ಅಂದೆ."

ಕಿರಿಯ ಆಪರೇಟರೊಬ್ಬ ತನ್ನ ಮುಂದಿದ್ದ ಶೀಟಿನ ಮೇಲೆ ಮೆಲ್ಲಗೆ ಕೈ ಮುಚ್ಚಿದ. ಶಿವಲೀಲಾ ಅಪ್ಪನನ್ನೇ ನೋಡುತ್ತಿದ್ದಳು. ಫೋನಿನಲ್ಲಿ ಪಂಪಿನವನು ಮೇಡಂ, ಮೇಡಂ ಎನ್ನುತ್ತಿದ್ದ.

"ಪಂಪ್ ಬ್ಯಾಡ" ಎಂದಳು ಅವಳು ಫೋನಿಗೆ. "ಹೌದು, ಬ್ಯಾಡ. ನಾ ಹೇಳೂ ತನಕ ಒಂದು ಹನಿ ಬಿಡಬ್ಯಾಡ್ರಿ."

ಆಮೇಲೆ ಒಂದು ಬಿಳಿ ಹಾಳೆ, ಪೆನ್ನು ತಂದು ಅವನ ಮುಂದೆ ಇಟ್ಟಳು. "ಈಗ ಹೇಳಿದ್ದು ಬರದು ಸಹಿ ಹಾಕು. ಮುಖ್ಯ ಇಂಜಿನಿಯರಿಗೆ ಕಳಿಸಬೇಕು." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಶಿಫ್ಟ್ ಇಂಜಿನಿಯರಿನ ದನಿಯಷ್ಟೇ ಇತ್ತು. ಸಿಟ್ಟಾದರೂ ಮಾಡಬಾರದೇ ಎಂದು ಅಮರಣ್ಣನಿಗೆ ಅನ್ನಿಸಿತು. ಅವನು ಬರೆದು ಮುಗಿಸುವಾಗ ಅವಳು ಗೋಡೆಯ ಕಡೆ ಮುಖ ಮಾಡಿ ಹೇಳಿದಳು. "ನನಗೂ ಶೀಟ್ ತುಂಬಾಕ ನೀನ ಕಲಿಸೀದಿ ಅಪ್ಪಾ. ನೌಕರಿ ಸೇರಿದ ಮೊದಲನೇ ವಾರ."

ಅವನು ಸಹಿಯ ಕೆಳಗೆ ತಾರೀಖು ಬರೆದ.

ಮಧ್ಯಾಹ್ನದ ಹೊತ್ತಿಗೆ ಬಾವಿಯ ಸುತ್ತ ಬೇಲಿ ಬಿತ್ತು. ಸಂಜೆಗೆ ದಿಲ್ಲಿಯಿಂದ ಫೋನುಗಳು ಬಂದವು. ಹೊಸ ಸಮಿತಿಯೊಂದು ಬರುತ್ತದಂತೆ, ಬಂಡೆಯನ್ನು ಮತ್ತೆ ಅಳೆಯುತ್ತದಂತೆ. ಆದರೆ ಉಳಿದ ಹದಿಮೂರು ಕಡೆಯ ಬಂಡೆಗಳ ಮೇಲೆ ಈಗ ಚಿಮಣಿಗಳೂ ಬೂದಿಕೆರೆಗಳೂ ನಿಂತಿವೆ. ಮತ್ತೆ ಕೊರೆದು, ಕನ್ನಡಿ ಹಾಕಿ, ಕಾಯಿಸಿ, ಕಲ್ಲಿದ್ದಲು ನಿಲ್ಲಿಸಲು ಇನ್ನು ಹತ್ತು ಹದಿನೈದು ವರ್ಷವಾದರೂ ಬೇಕು ಎಂದರು. ನೀಲಮ್ಮನ ಹತ್ತಿರ ಅಷ್ಟು ವರ್ಷಗಳಿರಲಿಲ್ಲ. ಅಂಥ ಎಷ್ಟು ನೀಲಮ್ಮಂದಿರು ಎಷ್ಟು ಕಾಲೋನಿಗಳಲ್ಲಿ ಇದ್ದಾರೋ ಎಂದು ಅಮರಣ್ಣ ಮೊದಲ ಬಾರಿಗೆ ಯೋಚಿಸಿದ. ಕಳೆದುಹೋದ ಇಪ್ಪತ್ತೆರಡು ವರ್ಷವನ್ನು ಯಾವ ಸಮಿತಿಯೂ ತಂದುಕೊಡುವಂತಿರಲಿಲ್ಲ.

ಮಗಳು ಅವತ್ತಿನಿಂದ ತನ್ನ ಊಟದ ಡಬ್ಬಿ ಕಟ್ಟಿಕೊಂಡು ಬೇಗ ಹೋಗುತ್ತಿದ್ದಳು. ಮೂರನೇ ದಿನ ಹೊರಡುವಾಗ ಒಂದು ಚೀಟಿ ಮೇಜಿನ ಮೇಲಿಟ್ಟಳು. ಅದರಲ್ಲಿ ಒಂದು ನಂಬರಿತ್ತು. "ಐತಾಳ ಮೇಡಂದು. ಅವರಿಗೆ ಆಫೀಸಿನಿಂದ ಕಾಗದ ಹೋಗೂದ್ರೊಳಗ ನೀನ ಹೇಳಿದ್ರ ಚಲೋ" ಎಂದಷ್ಟೇ ಹೇಳಿದಳು.

ಫೋನ್ ಎತ್ತಿದ್ದು ಅವರೇ. ದನಿ ನಡುಗುತ್ತಿತ್ತು, ಆದರೆ ಅದೇ ದನಿ.

"ಹಿರೇಬಂಡಿಯ ಅಮರಣ್ಣನಾ? ಅಯ್ಯೋ, ನಿಮ್ಮ ನೆನಪಿಲ್ಲದೆ ಉಂಟಾ ಮಾರಾಯ್ರೆ! ಹೇಗಿದ್ದೀರಿ?"

ಅಮರಣ್ಣ ಹೇಗಿದ್ದೇನೆಂದು ಹೇಳಲಿಲ್ಲ. ನಿಂತುಕೊಂಡೇ, ಕಣ್ಣು ಮುಚ್ಚಿಕೊಂಡು, ಎಲ್ಲವನ್ನೂ ಹೇಳಿದ. ಹನ್ನೊಂದು ದಿನ, ಎಪ್ಪತ್ತೊಂಬತ್ತು ದಿನ, ಸೀಸದ ಗುಂಡು, ಮುನ್ನೂರಾ ಎಪ್ಪತ್ತೊಂದು, ಬರಲಿರುವ ಹೊಸ ಸಮಿತಿ. ಹೇಳಿ ಬೈಗುಳಕ್ಕೆ ಕಾದ. ಬೈದರೆ ಎಷ್ಟೋ ಹಗುರಾಗುತ್ತಿತ್ತು.

"ಮುನ್ನೂರಾ ಎಪ್ಪತ್ತೊಂದು" ಎಂದರು ಅವರು. "ಇಪ್ಪತ್ತೆರಡು ವರ್ಷಕ್ಕೆ ಮುನ್ನೂರಾ ಎಪ್ಪತ್ತು ಬರಬೇಕು ನನ್ನ ಲೆಕ್ಕದಲ್ಲಿ." ಆಮೇಲೆ ಸಣ್ಣಗೆ ನಕ್ಕರೋ ಅತ್ತರೋ ತಿಳಿಯಲಿಲ್ಲ. "ನಿಮ್ಮ ಪುಸ್ತಕ ನೋಡಿದ ಮೇಲೆ ನಾನು ಸಂಶೋಧನೆ ಬಿಟ್ಟೆ ಅಮರಣ್ಣ. ಇಲ್ಲಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟೆ. ಆದರೆ ಪ್ರತಿ ವರ್ಷ ಬೇಸಿಗೆ ರಜೆಯಲ್ಲಿ ಕೂತು ಆ ಲೆಕ್ಕವನ್ನು ಮೊದಲಿನಿಂದ ಮಾಡುತ್ತೇನೆ. ಎಲ್ಲಿ ತಪ್ಪಿದೆ ಅಂತ ಹುಡುಕುವುದು. ಹೋದ ತಿಂಗಳೂ ಮಾಡಿದೆ. ತಪ್ಪು ಸಿಗುವುದೇ ಇಲ್ಲ. ಒಂದು ತಪ್ಪನ್ನೂ ಹುಡುಕಲಾರದಷ್ಟು ದಡ್ಡಿಯಾದೆನಾ ಅಂತ..."

"ಮೇಡಂ, ನನ್ನ..." ಎಂದ ಅಮರಣ್ಣ.

"ಅದೆಲ್ಲ ಇರಲಿ. ನಾನೂ ಎರಡು ದಿನ ಮೊದಲೇ ಬರಬಹುದಿತ್ತು. ನನಗೊಂದು ವಿಷಯ ಹೇಳಿ." ಅವರ ದನಿ ಇದ್ದಕ್ಕಿದ್ದಂತೆ ಕ್ಯಾಂಟೀನಿನಲ್ಲಿ ಲೋಟ ಎತ್ತಿ ಹಿಡಿದ ದಿನದ್ದಾಯಿತು. "ತೊಂಬತ್ತನೇ ದಿನ ನಿಜಕ್ಕೂ ಎಷ್ಟಿತ್ತು? ಒಂದು ಸಲವಾದರೂ, ಆಮೇಲೆ ಯಾವಾಗಲಾದರೂ, ಯಾರಾದರೂ ನೋಡಿರಬೇಕಲ್ಲ. ನನ್ನ ಲೆಕ್ಕದಲ್ಲಿ ಮುನ್ನೂರಾ ತೊಂಬತ್ತಾರು ಬರುತ್ತದೆ. ತೊಂಬತ್ತಾರೇ ಇತ್ತಾ?"

ಹೌದ್ರಿ ಮೇಡಂ ಎಂದರೆ ಮುಗಿಯುತ್ತಿತ್ತು. ಎಪ್ಪತ್ತಾರು ವರ್ಷದ ಒಬ್ಬ ಹೆಂಗಸು ಆ ಅಂಕಿಯನ್ನು ಎದೆಗೊತ್ತಿಕೊಂಡು ನೆಮ್ಮದಿಯಿಂದ ಇರುತ್ತಿದ್ದಳು. ಇನ್ನು ಇದರಿಂದ ಯಾರಿಗೂ ನಷ್ಟವಿರಲಿಲ್ಲ. ಬಹುಶಃ ಅಷ್ಟೇ ಇದ್ದಿರಲೂ ಬಹುದು. ನಾಲಗೆಯ ತುದಿಗೆ ಬಂದ ಆ ಎರಡು ಶಬ್ದಗಳನ್ನು ಅಮರಣ್ಣ ನುಂಗಿದ.

"ಗೊತ್ತಿಲ್ರಿ ಮೇಡಂ. ನಾ ನೋಡಿಲ್ಲ. ಯಾರೂ ನೋಡಿಲ್ಲ."



"ಸರಿ ಹಾಗಾದರೆ" ಎಂದರು ಇಂದಿರಾ ಐತಾಳರು. "ಹೊಸ ಸಮಿತಿಯವರಿಗೆ ಆ ದಿನದ ಅಂಕಿಯ ಜಾಗ ಖಾಲಿ ಬಿಡಲು ಹೇಳಿ."